ಸಿಗಡಿ ಚಿಪ್ಪಿನ ಕೈಟೋಸಾನ್ ಹಾಳೆಗೆ ಗ್ರಾಫೀನ್ ಆಕ್ಸೈಡ್ ಬೆರೆಸಿದರೆ ಯಾಕೆ ಗಟ್ಟಿಯಾಗುತ್ತದೆ?

ಕೈಟೋಸಾನ್ (ಸಿಗಡಿ ಚಿಪ್ಪಿನಿಂದ ತಯಾರಿಸುವ, ಉದ್ದ ಸರಪಳಿಯಂಥ ಅಣುಗಳ ವಸ್ತು) ಪುಡಿಯನ್ನು ತೆಳು ಅಸಿಟಿಕ್ ಆಮ್ಲದಲ್ಲಿ (ವಿನೆಗರ್‌ನ ಹುಳಿಯೂ ಇದೇ) ಕರಗಿಸಿ, ತಟ್ಟೆಗೆ ಸುರಿದು ಒಣಗಿಸಿದರೆ ಹಪ್ಪಳದ ಹಾಗೆ ತೆಳು ಹಾಳೆ ಏಳುತ್ತದೆ. ಆದರೆ ತೇವ ತಾಗಿದರೆ ಉಬ್ಬುತ್ತದೆ, ಬಲವೂ ಕಡಿಮೆ. ಬಲ ಬರಲಿ ಅಂತ ಬರೀ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಪದರ) ಹಾಕಿದರೆ ಆಗಲ್ವಾ ಅಂದರೆ, ಅದು ನೀರಲ್ಲಿ ಸರಿಯಾಗಿ ಬೆರೆಯುವುದೇ ಇಲ್ಲ. ಗ್ರಾಫೀನ್ ಆಕ್ಸೈಡ್‌ನ ಮೈಮೇಲೆ ಆಮ್ಲಜನಕದ ಗುಂಪುಗಳಿರುವುದರಿಂದ ಅದು ನೀರಲ್ಲಿ ಚೆನ್ನಾಗಿ ಹರಡಿ, ಕೈಟೋಸಾನ್‌ನ ಅಮೈನ್ (ಸಾರಜನಕ ಇರುವ) ಗುಂಪುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹಾಳೆ ಎಳೆದಾಗ ಭಾರವೆಲ್ಲ ಸುಮಾರು 1 ನ್ಯಾನೋಮೀಟರ್ ದಪ್ಪದ ಆ ಪದರಗಳ ಮೇಲೆ ಹಂಚಿಹೋಗುತ್ತದೆ. ತೂಕದಲ್ಲಿ 1% ಆಸುಪಾಸು ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಸುಮ್ನೆ ಜಾಸ್ತಿ ಸುರಿಯಬೇಡಿ, ಮುದ್ದೆಯಲ್ಲಿ ಹಿಟ್ಟಿನ ಗಂಟು ಉಳಿದ ಹಾಗಾಗಿ ಅಲ್ಲಿಂದಲೇ ಬಿರುಕು ಶುರು. ಹಾಳೆ ಕಂದು ಬಣ್ಣಕ್ಕೂ ತಿರುಗುತ್ತದೆ.