ಡಿಸ್ಕ್ ದೊಡ್ಡದಾಯಿತು, ಸಿ ಬೆಳೆಯಲಿಲ್ಲ

ಪ್ರಶ್ನೆ: ತೋಟದ ಲೆಕ್ಕವಿರುವ ಕಂಪ್ಯೂಟರಿನ ವಿಂಡೋಸನ್ನು 128 ಜಿಬಿ ಎಸ್‌ಎಸ್‌ಡಿಯಿಂದ 512 ಜಿಬಿಗೆ ಕ್ಲೋನ್ ಮಾಡಿಸಿದೆ. ಸಿ ಡ್ರೈವ್ ಹಿಂದಿನಷ್ಟೇ ಇದೆ. ಅಂಗಡಿಯವರು ಮೋಸ ಮಾಡಿದರೇ?
– ಓದುಗರು, ಮೂಡಿಗೆರೆ

ಉತ್ತರ: ಜಗಳಕ್ಕೆ ಹೊರಡುವ ಮೊದಲು, ಡಿಸ್ಕಿನ ವಿಭಾಗಗಳನ್ನು ತೋರಿಸುವ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕ್ಲೋನ್ ಎಂದರೆ ಪಡಿಯಚ್ಚು. ಎಷ್ಟೋ ಸಲ ವಿಭಾಗಗಳ ಹಳೆಯ ಅಳತೆಯೇ ಬರುತ್ತದೆ. ಮಿಕ್ಕ ಜಾಗ ಕೊನೆಯಲ್ಲಿ ಕಪ್ಪು ಪಟ್ಟಿಯ ಕೆಳಗೆ ಕಾಣುತ್ತದೆ. ಸಿಗೂ ಆ ಖಾಲಿ ಜಾಗಕ್ಕೂ ನಡುವೆ ರಿಕವರಿ ವಿಭಾಗ (ವಿಂಡೋಸ್ ಕೆಟ್ಟಾಗ ಸರಿಪಡಿಸುವ ಸಾಧನಗಳಿರುವ ಭಾಗ) ಕುಳಿತಿದ್ದರೆ, ಸಿಯನ್ನು ಹಿಗ್ಗಿಸುವ 'ಎಕ್ಸ್‌ಟೆಂಡ್ ವಾಲ್ಯೂಮ್' ಮಸುಕಾಗಿಯೇ ಇರುತ್ತದೆ. ಪಕ್ಕದಲ್ಲೇ ಖಾಲಿ ಇದ್ದರಲ್ಲವೇ ಬೇಲಿ ಸರಿಸುವುದು? ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ) ಇದ್ದರೆ ಮೊದಲು ಅದನ್ನು ಪೂರ್ತಿ ಆಫ್ ಮಾಡಿ. ವಿಭಾಗಗಳನ್ನು ಸರಿಸಬಲ್ಲ ಜಿಪಾರ್ಟೆಡ್ ತಂತ್ರಾಂಶ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರನ್ನು ಬೂಟ್ ಮಾಡಿ, ರಿಕವರಿಯನ್ನು ಕೊನೆಗೆ ಸರಿಸಿ, ಸಿಯನ್ನು ಹಿಗ್ಗಿಸಿ. ಮಳೆಗಾಲದ ಮಲೆನಾಡಿನ ಕರೆಂಟನ್ನು ನಾನಂತೂ ನಂಬುವುದಿಲ್ಲ. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಹಳೆಯ ಎಸ್‌ಎಸ್‌ಡಿಯನ್ನು ಅಳಿಸದೆ, ಈ ಸಾಲಿನ ಕೊಯ್ಲಿನ ಲೆಕ್ಕ ಮುಗಿಯುವವರೆಗೆ ಬೀರುವಿನಲ್ಲಿಡಿ.