ಹಳೆಯ ಕಾರಿಗೆ ಹೊಸ ಸ್ಪೀಕರ್

ಪ್ರಶ್ನೆ: ನಮ್ಮ ಹಳೆಯ ಕಾರಿನ ಮುಂಬಾಗಿಲಿನ ಸ್ಪೀಕರ್‌ಗಳು ಒಡೆದ ದನಿ ಹೊರಡಿಸುತ್ತಿವೆ. ಈಗಿರುವ ಸ್ಟೀರಿಯೊವನ್ನೇ ಉಳಿಸಿಕೊಂಡು 300 ವಾಟ್‌ನ ಸ್ಪೀಕರ್ ಹಾಕಿಸಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ಹಾಕಿಸಬಹುದು, ಆದರೆ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಆ 300 ವಾಟ್ ಕ್ಷಣಮಾತ್ರ ತಾಳಿಕೊಳ್ಳುವ ಗರಿಷ್ಠ ಮಿತಿಯಷ್ಟೇ, ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದ ಸ್ಟೀರಿಯೊ ಪ್ರತಿ ಸ್ಪೀಕರಿಗೆ ಸಾಮಾನ್ಯವಾಗಿ 15ರಿಂದ 20 ವಾಟ್‌ನಷ್ಟು ಶಕ್ತಿಯನ್ನು ಮಾತ್ರ ನಿರಂತರವಾಗಿ ಕೊಡಬಲ್ಲದಾದ್ದರಿಂದ, 90 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚಿನ ಸೆನ್ಸಿಟಿವಿಟಿಯುಳ್ಳ (ಅಂದರೆ ಕಡಿಮೆ ಶಕ್ತಿಯಲ್ಲೂ ಜೋರಾಗಿ ನುಡಿಯುವ), 4 ಓಮ್ ವಿದ್ಯುತ್ ತಡೆಯ ಕೋಆಕ್ಸಿಯಲ್ (ದೊಡ್ಡ ಕೋನಿನ ನಡುವೆಯೇ ಚಿಕ್ಕ ಸ್ಪೀಕರ್ ಕೂರಿಸಿರುವ) ಸ್ಪೀಕರನ್ನು ಆರಿಸಿಕೊಳ್ಳುವುದು ಮೇಲು. ನಿಮ್ಮ ಕಡೆಯ ಮಳೆಗಾಲದಲ್ಲಿ ಗಾಜಿನಗುಂಟ ನೀರು ಬಾಗಿಲಿನೊಳಗೆ ಇಳಿಯುವುದರಿಂದ, ಕಂಪಿಸಿ ದನಿ ಹೊರಡಿಸುವ ಕಾಗದದ ಕೋನ್‌ಗಿಂತ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಕೋನ್ ಹೆಚ್ಚು ಬಾಳುತ್ತದೆ. ಕೊಳ್ಳುವ ಮೊದಲು ಬಾಗಿಲಿನ ಪ್ಯಾಡ್ ಬಿಚ್ಚಿಸಿ, ಗಾಜನ್ನು ಪೂರ್ತಿ ಕೆಳಗಿಳಿಸಿ ಆಳವನ್ನು ಅಳೆಯಿರಿ. ಅಗಲ ಸರಿಹೊಂದಿದರೂ ಹಿಂಬದಿಯ ಅಯಸ್ಕಾಂತ ಗಾಜಿಗೆ ತಾಗುವುದುಂಟು.