ಎಂಬ್ಯೂಮೊಗೆ ಕೊಟ್ಟ ದುಡ್ಡು ಜಾಸ್ತಿಯಾ?

ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ 2025ರಲ್ಲಿ ವಿಂಗರ್ (ಅಂಚಿನಲ್ಲಿ ಆಡುವ ಫಾರ್ವರ್ಡ್) ಬ್ರಯಾನ್ ಎಂಬ್ಯೂಮೊಗೆ ಸುರಿದ 6.5 ಕೋಟಿ ಪೌಂಡ್ ಇನ್ನೊಂದು ಆಂಟನಿ ಕಥೆ ಆಗುತ್ತದಾ ಅಂತ ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ. ದುಬಾರಿ ಬೆಲೆಗೆ ಬಂದು ನಿರಾಸೆ ಮಾಡಿದ ವಿಂಗರ್ ಆಂಟನಿ 2022ರಲ್ಲಿ ಡಚ್ ಲೀಗಿನಿಂದ ಬಂದವರು. ಯುನೈಟೆಡ್‌ಗೆ 96 ಪಂದ್ಯಗಳಲ್ಲಿ 12 ಗೋಲು, ಅಷ್ಟೇ. ಎಂಬ್ಯೂಮೊ ಬ್ರೆಂಟ್‌ಫರ್ಡ್‌ಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲೇ ಒಂದು ಸೀಸನ್‌ಗೆ 20 ಗೋಲು ಹೊಡೆದು ಬಂದಿದ್ದಾರೆ, 38 ಪಂದ್ಯವನ್ನೂ ಆಡಿ. ಅದೇ ಲೀಗು, ಅದೇ ಡಿಫೆಂಡರ್‌ಗಳು ಅಲ್ವಾ?

ಸುಮ್ನೆ ಗೋಲು ಎಣಿಸಬೇಡಿ. ನಾನು ಗೋವಾದ ವಾಸ್ಕೋದಿಂದ ಫತೋರ್ಡಾ ಸ್ಟೇಡಿಯಂಗೆ ಎಫ್‌ಸಿ ಗೋವಾ ಮ್ಯಾಚ್ ನೋಡಲು ಹೋಗುತ್ತೇನೆ. ಕಾಲಲ್ಲಿ ಚೆಂಡಿಲ್ಲದಾಗ ವಿಂಗರ್ ಎಲ್ಲಿ ಓಡುತ್ತಾನೆ, ತನ್ನ ಹಿಂದಿರುವ ಡಿಫೆಂಡರ್‌ಗೆ ನೆರವಾಗುತ್ತಾನಾ, ಎಲ್ಲ ಗ್ಯಾಲರಿಯಿಂದ ಚೆನ್ನಾಗಿ ಕಾಣುತ್ತದೆ. ಟಿವಿಯಲ್ಲಿ ಅರ್ಧವೂ ಕಾಣದು. ಎಂಬ್ಯೂಮೊ ಹಿಂದಕ್ಕೂ ಓಡಿ ಬರುವ ಆಟಗಾರ. ಬೆಲೆ ಸ್ವಲ್ಪ ಜಾಸ್ತಿ, ಹೌದು. ನಾನಾಗಿದ್ದರೂ ಕೊಡುತ್ತಿದ್ದೆ.